ಅಮ್ಮಾ ಎಂದವನ ಚಹಾ

"ಕಾಲ್ಬೆರಳು ಯಾಕ ಮಡಚೀರಿ?" ಎಂದು ಡಾಕ್ಟರಮ್ಮ ಕೇಳಿದರು. ನಮ್ಮ ಬಾಗಲಕೋಟೆ ಕಡೆಯವರೇ. ಜೋಲುಬಿದ್ದಿದ್ದ ನನ್ನ ಎಡಗಣ್ಣಿನ ರೆಪ್ಪೆಯ ಆಪರೇಷನ್ ನಡೆಯುತ್ತಿತ್ತು. ರೆಪ್ಪೆಯಷ್ಟೇ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟಿದ್ದರು, ನನಗೆ ಪೂರ್ತಿ ಎಚ್ಚರವಿತ್ತು. ಒಂದು ಮೂಲೆಗೆ ಮಾತ್ರ ಔಷಧ ಹಿಡಿದಿರಲಿಲ್ಲ.

"ಏನಿಲ್ಲರಿ, ನೀವು ನಡಸ್ರಿ" ಎಂದೆ.

ಬಾಲಾನಗರದ ನಮ್ಮ ಲೇತ್ ಶೆಡ್ಡಿನಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಸಿಡಿದರೆ ಜೊತೆಗಾರರೇ ಕರವಸ್ತ್ರದ ತುದಿಯಿಂದ ತೆಗೆಯುತ್ತಾರೆ. ಆಗ 'ಅಮ್ಮಾ' ಎಂದವನು ಎಲ್ಲರಿಗೂ ಚಹಾ ಕುಡಿಸಬೇಕು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಲೇತ್ ಹಿಡಿದ ನಾನು ಅಲ್ಲಿಯವರೆಗೆ ಒಮ್ಮೆಯೂ ಕುಡಿಸಿರಲಿಲ್ಲ.

ಡಾಕ್ಟರಮ್ಮ ಕತ್ತರಿ ಕೆಳಗಿಟ್ಟರು. "ಪೈಲ್ವಾನರ, ಹಿಂಗ ತಡಕೊಂಡು ಒಮ್ಮಿಗೇ ಹೊರಳಿದ್ರ ಕಣ್ಣು ಹೋಗತೈತಿ. ನೋವಾದ್ರ ಬಾಯಿ ಬಿಡ್ರಿ, ಇನ್ನಷ್ಟು ಔಷಧ ಹಾಕ್ತೀನಿ."

ಒಂದೇ ಕಣ್ಣಿನಲ್ಲಿ ಲೇತ್ ಕೆಲಸ ಆಗುವುದಿಲ್ಲ. "ಅಮ್ಮಾ" ಎಂದೆ. ಅವರು ಸಾವಕಾಶವಾಗಿ ಇನ್ನೊಂದು ಸೂಜಿ ಚುಚ್ಚಿದರು. ನೋವು ನಿಂತಿತು.

ಹೊಲಿಗೆ ಬಿಚ್ಚಿಸಿಕೊಂಡು ಕೆಲಸಕ್ಕೆ ಹೋದ ದಿನ ಶೆಡ್ಡಿನವರಿಗೆಲ್ಲ ಚಹಾ ತರಿಸಿದೆ. ಕಣ್ಣು ಸರಿಹೋದ ಖುಷಿಗೆ ಎಂದುಕೊಂಡು ಕುಡಿದರು. ನಾನು ಅಲ್ಲ ಎನ್ನಲಿಲ್ಲ.