ಬೀಗವೇ ಇಲ್ಲದ ಮನೆ

ಆ ಮನೆಗೆ ಬೀಗ ಹಾಕಿತ್ತು ಎಂದು ನಾನು ಬರೆದದ್ದು ಸುಳ್ಳು. ನಾನು ಆ ಮನೆಗೆ ಹೋಗಿಯೇ ಇರಲಿಲ್ಲ. ಅದೂ ಒಂದು ಸಲವಲ್ಲ, ಮೂರು ಸಲ ಬರೆದೆ — ಮೂರು ಬೇರೆ ಬೇರೆ ತಾರೀಖು ಹಾಕಿ, ಮೂರು ಬೇರೆ ಬೇರೆ ಪೆನ್ನಿನಲ್ಲಿ. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ನಾನು ಖಾನಾಪುರ ತಾಲೂಕಿನಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ನಡೆಯಲಾಗದವರು, ಕಣ್ಣು ಕಾಣದವರು, ಕಿವಿ ಕೇಳದವರು ಯಾರಿದ್ದಾರೆ ಎಂದು ಬರೆದುಕೊಳ್ಳಬೇಕು. ಪ್ರಮಾಣಪತ್ರವೋ, ಗಾಲಿಕುರ್ಚಿಯೋ, ಕಿವಿಯ ಮಷೀನೋ, ಅವರಿಗೆ ಬೇಕಾದದ್ದು ಕೈಗೆ ಸಿಗುವವರೆಗೆ ಕಚೇರಿಗಳ ಬೆನ್ನು ಹತ್ತಬೇಕು. ನಾನೂ ಅವರಲ್ಲೊಬ್ಬನೇ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ದೇಸೂರಿನ ನಮ್ಮ ಮನೆಗೆ ಒಬ್ಬ ನರ್ಸಬಾಯಿ ಬಿಸಿಲಲ್ಲಿ ನಡೆದು ಬಂದು, ಬೆಳಗಾವಿಯಲ್ಲಿ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಹಾಕುತ್ತಾರೆ, ಕರೆದುಕೊಂಡು ಹೋಗಿ ಎಂದು ಅವ್ವನಿಗೆ ಹೇಳಿ ಹೋದಳಂತೆ. ಆಕೆ ನಮ್ಮ ಬಾಗಿಲಿಗೆ ಬಂದಿದ್ದರಿಂದಲೇ ನಾನು ನಡೆಯುತ್ತಿದ್ದೇನೆ. ಅಂದರೆ, ಬಾಗಿಲಿಗೆ ಹೋಗುವುದು ಎಂದರೇನು ಎಂಬುದು ನನಗೆ ಯಾರೂ ಕಲಿಸಬೇಕಾದ ಪಾಠ ಆಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಇಲಾಖೆಯಿಂದ ನನಗೆ ಮೂರು ಗಾಲಿಯ ಸ್ಕೂಟರು ಸಿಕ್ಕಿತು. ದೂರದ ಮನೆಗಳಿಗೆ ಹೋಗಿಬರಲಿ ಎಂದೇ ಕೊಟ್ಟದ್ದು. ನನ್ನ ಜನ್ಮದಲ್ಲಿ ನನ್ನದು ಎನ್ನುವ ಮೊದಲ ಗಾಡಿ — ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಬೆಳಗಾವಿಯ ಶಹಾಪುರದಲ್ಲಿರುವ ಅಕ್ಕನ ಮನೆಯ ಮುಂದೆ ನಿಲ್ಲಿಸಿ, ಓಣಿಯವರೆಲ್ಲ ನೋಡಲಿ ಎಂದು ಎರಡು ಸಲ ಹಾರ್ನ್ ಹೊಡೆದಿದ್ದೆ. ಕುಂಟನಿಗೆ ಎಂಟು ಚೇಷ್ಟೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಅವತ್ತು ಎಂಟೂ ಮಾಡಿದೆ.

ಅದಾದ ಮರುವಾರವೇ ಸರ್ವೆ. ಕಾಡಿನ ಅಂಚಿನ ಒಂದು ಹಳ್ಳಿ. ಊರಿನ ಮನೆಗಳನ್ನೆಲ್ಲ ಮುಗಿಸಿ ಚಹಾದ ಅಂಗಡಿಯಲ್ಲಿ ಕೂತಿದ್ದಾಗ ಅಂಗಡಿಯ ಮುದುಕಿ ಗುಡ್ಡದ ಕಡೆ ಕೈ ತೋರಿಸಿದಳು.

"ಮ್ಯಾಲ ಎಮ್ಮಿ ಸಾಕೂ ಗೌಳ್ಯಾರ ಮನಿ ಒಂದೈತ್ರಿ. ಹೆಣ್ಣ ಕೂಸಿಗೆ ನಾಕ ವರ್ಷ ಆತು, ಇನ್ನೂ ಕುಂದ್ರೂದಿಲ್ಲ. ಅದನ್ನಷ್ಟ ನೋಡಿ ಹೋಗ್ರಿ." ಆಮೇಲೆ ನನ್ನ ಕಾಲು ನೋಡಿ, ತಾನೇ ತಪ್ಪು ಮಾಡಿದವಳಂತೆ, "ಏರಾಕ ಆಕೈತೇನ್ರಿ ನಿಮಗ?" ಎಂದಳು.

"ಆಗೂದಿಲ್ಲವ್ವ," ಎಂದೆ.

ಆಗುತ್ತಿತ್ತು. ಹಿಂದಿನ ತಿಂಗಳಷ್ಟೇ ಗೆಳೆಯರ ಜೊತೆ ಅದರ ಎರಡರಷ್ಟು ಎತ್ತರದ ಗುಡ್ಡ ಏರಿ, ಕೋಳಿ ಸಾರು ಉಂಡು, ಹಾಡು ಹೇಳುತ್ತ ಇಳಿದಿದ್ದೆ. ಅವತ್ತು ನನ್ನನ್ನು ತಡೆದದ್ದು ಕಾಲಲ್ಲ, ಗಾಡಿ. ಆ ದಾರಿಯಲ್ಲಿ ಗಾಡಿ ಹೋಗುವುದಿಲ್ಲ. ಕೆಳಗೆ ಬಿಟ್ಟು ಹೋದರೆ ಮರದ ತುಂಬ ಮಂಗ್ಯಾಗಳು, ಸೀಟು ಹರಿದು ಹಾಕುತ್ತವೆ ಎಂಬ ಚಿಂತೆ — ಹೇಳಲು ನಾಚಿಕೆಯಾಗುತ್ತದೆ, ಆದರೆ ಇಷ್ಟೇ. ಮನೆಮನೆ ತಲುಪಲೆಂದು ಕೊಟ್ಟ ಗಾಡಿಯನ್ನು ಕಾಯುತ್ತ ಕೂತು, ಒಂದು ಮನೆಯನ್ನು ಬಿಟ್ಟೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮೂರು ಸಲ ಹೋದರೂ ಮನೆಗೆ ಬೀಗವಿದ್ದರೆ ಆ ಮನೆಯ ಮುಂದೆ ಗೆರೆ ಎಳೆದು ಪಟ್ಟಿ ಮುಗಿಸಬಹುದು. ನಾನು ಅಲ್ಲಿಯೇ, ಚಹಾ ಆರುವ ಮೊದಲು, ಮೂರನ್ನೂ ಬರೆದು ಮುಗಿಸಿದೆ. ಮುಂದಿನ ಸರ್ವೆಯಲ್ಲಿ ನೋಡಿದರಾಯಿತು ಎಂದುಕೊಂಡೆ. ಮುಂದಿನ ಸರ್ವೆಗೆ ಆ ಹಳ್ಳಿ ಬೇರೆಯವರ ಪಾಲಿಗೆ ಹೋಯಿತು. ಅವರು ನನ್ನ ಹಳೆಯ ಪಟ್ಟಿ ನೋಡಿಯೇ ಹೊಸದನ್ನು ಮಾಡಿದರು. ಅವರನ್ನು ದೂರುವ ಬಾಯಿ ನನಗಿಲ್ಲ.

ಆರು ವರ್ಷ ಕಳೆಯಿತು. ಆ ಮಗು ಜ್ವರ ಬಂದು ಖಾನಾಪುರದ ಆಸ್ಪತ್ರೆಗೆ ಬಂತು — ಬಂತು ಎಂದರೆ, ತಾಯಿ ಗಂಗೂಬಾಯಿ ಹತ್ತು ವರ್ಷದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಇಳಿದು ಬಂದಳು. ಅಲ್ಲಿಯ ನರ್ಸ್ ನನಗೆ ಫೋನ್ ಮಾಡಿದಳು. ಯಾವ ಊರು, ಯಾವ ಮನೆ ಎಂದು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಹುಡುಗಿಯ ಹೆಸರು ಸಗುಣಾ ಎಂಬುದು ಮಾತ್ರ ಅವತ್ತು ಮೊದಲ ಸಲ ಕೇಳಿದೆ.

ಅವರಿಬ್ಬರನ್ನೂ ಬೆಳಗಾವಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಫಿಜಿಯೋಥೆರಪಿಯ ಡಾಕ್ಟರಬಾಯಿ ಸಗುಣಾಳ ಬೆನ್ನಿನ ಮೇಲೆ ಮೇಲಿನಿಂದ ಕೆಳಗೆ ಎರಡು ಸಲ ಕೈಯಾಡಿಸಿ ನೋಡಿದರು. ಹುಡುಗಿ ಆ ಆರು ವರ್ಷವೂ ಒಂದೇ ಮಗ್ಗುಲಾಗಿ ಮಲಗಿ, ಗೋಡೆಗೆ ಒರಗಿ, ಬೆನ್ನುಮೂಳೆ ಬಾಗಿಹೋಗಿತ್ತು. ಸೊಂಟಕ್ಕೆ, ಎದೆಗೆ ಆಸರೆ ಇರುವ ಒಂದು ಕುರ್ಚಿ, ದಿನಾ ಒಂದಿಷ್ಟು ವ್ಯಾಯಾಮ — ಚಿಕ್ಕವಳಿದ್ದಾಗ ಅಷ್ಟು ಸಿಕ್ಕಿದ್ದರೆ ಇಷ್ಟು ಆಗುತ್ತಿರಲಿಲ್ಲ. ಇನ್ನು ನೆಟ್ಟಗಾಗುವುದಿಲ್ಲ, ಇದಕ್ಕಿಂತ ಹೆಚ್ಚು ಬಾಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದರು. ಆಮೇಲೆ ಅವರಿಗೆ ಸಿಟ್ಟು ಬಂತು.

"ಇಷ್ಟ ವರ್ಷ ಏನ್ ಮಾಡಾತಿದ್ರಿ ನೀವು? ಮೊದಲ ಕರಕೊಂಡ ಬಂದಿದ್ರ ಕೂಸಿನ ಬೆನ್ನ ಹಿಂಗ ಆಗತಿತ್ತೇನು?"

ಗಂಗೂಬಾಯಿ ತಲೆ ಬಗ್ಗಿಸಿದಳು. "ತಪ್ಪಾತ್ರಿ ಬಾಯಾರ. ನಂಗ ತಿಳೀಲಿಲ್ರಿ."

ನಾನು ಪಕ್ಕದಲ್ಲೇ ಫೈಲು ಹಿಡಿದುಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ. ಬೀಗದ ಸುಳ್ಳಿಗಿಂತ ಇದು ದೊಡ್ಡದು ಎಂದು ಈಗ ಅನ್ನಿಸುತ್ತದೆ. ಅದು ಸೋಮಾರಿತನ, ಮೋಜು — ಏನಾದರೂ ಅನ್ನಿ. ಇದು ಕಣ್ಣೆದುರಿಗೆ ನನ್ನ ತಪ್ಪನ್ನು ಇನ್ನೊಬ್ಬಳು ಹೊರುತ್ತಿದ್ದಾಗ ಹೊರಲು ಬಿಟ್ಟದ್ದು.

ಅದಾದ ಮೇಲೆ ಕುದುರೆಯಂತೆ ಓಡಾಡಿದೆ. ಪ್ರಮಾಣಪತ್ರ ಮಾಡಿಸಿದೆ, ಮಾಸಾಶನ ಮಾಡಿಸಿದೆ. ಬಂದ ಕುರ್ಚಿ ಸಗುಣಾಳ ಬಾಗಿದ ಬೆನ್ನಿಗೆ ಹೊಂದದಿದ್ದಾಗ ಖಾಸಬಾಗದ ಗಾದಿ ಹೊಲಿಯುವವರ ಹತ್ತಿರ ಡಾಕ್ಟರಬಾಯಿ ಬರೆದುಕೊಟ್ಟ ಅಳತೆಗೆ ಫೋಮು ಕತ್ತರಿಸಿ ಹಾಕಿಸಿದೆ. ಈಗ ಅವಳು ಒಂದು ಸಲಕ್ಕೆ ಎರಡು ತಾಸು ಕೂರುತ್ತಾಳೆ. ಗಂಗೂಬಾಯಿ ಕಂಡವರಿಗೆಲ್ಲ ನನ್ನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದಳು. ಅದನ್ನೂ ಕೇಳಿಕೊಂಡು ಸುಮ್ಮನಿದ್ದೆ. ಕುರ್ಚಿ ಕೊಡಲು ಹೋದ ದಿನ ಮೊದಲ ಸಲ ಅವರ ಮನೆ ನೋಡಿದೆ. ಬಿದಿರಿನ ತಟ್ಟಿಯ ಬಾಗಿಲು, ಎಳೆದು ಕಟ್ಟಲು ಒಂದು ಹಗ್ಗ. ಬೀಗ ಹಾಕಲು ಅಲ್ಲಿ ಚಿಲಕವೂ ಇರಲಿಲ್ಲ.

ಹೋದ ತಿಂಗಳು ತಾಲೂಕಿನ ಸಭೆಯಲ್ಲಿ ಹೊಸ ಕಾರ್ಯಕರ್ತರಿಗೆ ಬುದ್ಧಿ ಹೇಳಲು ನನ್ನನ್ನು ಕರೆದರು. ಅಧಿಕಾರಿಗಳು ಪರಿಚಯಿಸುತ್ತ, ಇವರ ಕಾಲು ನೋಡಿ, ಇಂಥ ಕಾಲಿನಲ್ಲೂ ಇವರು ಒಂದೂ ಮನೆ ಬಿಟ್ಟವರಲ್ಲ ಎಂದರು. ಚಪ್ಪಾಳೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ — ನಾನು ಎದ್ದು ಹತ್ತು ನಿಮಿಷ ಪುರಾಣ ಹೇಳಿದೆ. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಒಬ್ಬ ಹೊಸ ಹುಡುಗಿ ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಊಟಕ್ಕೆ ಕೂರದೆ ಹೊರಟುಬಂದೆ.

ಮರುದಿನ ಬೆಳಿಗ್ಗೆ ಗುಡ್ಡ ಏರಿದೆ. ಗಡಿಯಾರ ನೋಡಿಕೊಂಡೇ ಏರಿದೆ. ನನ್ನ ಕಾಲಿಗೆ ನಲವತ್ತು ನಿಮಿಷದ ದಾರಿ ಅದು.

ಗಂಗೂಬಾಯಿ ಚಹಾಕ್ಕೆ ಇಟ್ಟಳು. ಚಹಾ ಕುಡಿಯುವ ಮೊದಲೇ ಹೇಳಿದೆ — ಕುಡಿದ ಮೇಲೆ ಹೇಳಲಾಗುತ್ತಿರಲಿಲ್ಲ. ಪೂರ್ತಿ ಕೇಳಿದಳು. ಕೇಳಿ ಅಂದದ್ದು ಇಷ್ಟು: "ನಾ ಆ ವಾರ ಎಮ್ಮಿ ಹೊಡಕೊಂಡ ಹೋಗಿದ್ದಿಲ್ಲಣ್ಣಾ. ಬರಕೊಳ್ಳಾವ್ರು ಬರ್ತಾರ ಅಂತ ಹೇಳಿದ್ರು. ಮನ್ಯಾಗ ಇದ್ನಿ." ಒಲೆಗೆ ಒಂದು ಕಟ್ಟಿಗೆ ನೂಕಿ, ತಾನೇ, "ಇರ್ಲಿ ಬಿಡ್ರಿ. ಕಾಲ ಹಂಗ ಇದ್ದಾಗ ನೀವರ ಹೆಂಗ ಏರತಿದ್ರಿ," ಎಂದಳು.

ಅಲ್ಲಿಗೆ ಮುಗಿಸಬಹುದಿತ್ತು. ಇಡೀ ಜನ್ಮ ಈ ಕಾಲು ನನಗೆ ಹೀಗೆ ಎಷ್ಟೋ ಕಡೆ ಮಾಫಿ ಕೊಡಿಸಿದೆ.

"ಕಾಲಿನ ಸಂಬಂಧ ಅಲ್ರಿ ಅಕ್ಕಾ. ಗಾಡಿ ಹೊಸಾದಿತ್ತು. ಬಿಟ್ಟ ಬರಾಕ ಮನಸ್ಸಾಗಲಿಲ್ಲ."

ಆಕೆ ನನ್ನ ಮುಖ ನೋಡಿದಳು. ಒಲೆಯ ಮೇಲಿನ ಪಾತ್ರೆ ಇಳಿಸಿ, ಹೊರಗೆ ಎಮ್ಮೆಯ ಕೊಟ್ಟಿಗೆಗೆ ಹೋದಳು.

ಸಗುಣಾ ಕುರ್ಚಿಯಲ್ಲೇ ಇದ್ದಳು. ಅವಳಿಗೆ ಮಾತು ನಿಧಾನ, ಒಂದೊಂದೇ ಶಬ್ದ ಹೊರಡಬೇಕು.

"ಮಾಮಾ... ಹಂಗಾರ... ಆಯೀದು ತಪ್ಪಿಲ್ಲೇನು?"

ಆಗ ನನಗೆ ತಿಳಿಯಿತು. ಬೆಳಗಾವಿಯಲ್ಲಿ ಡಾಕ್ಟರಬಾಯಿ ಬೈದಾಗ ಈ ಹುಡುಗಿಯೂ ಅಲ್ಲಿಯೇ ಪರೀಕ್ಷೆಯ ಮೇಜಿನ ಮೇಲೆ ಮಲಗಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನ್ನ ಬೆನ್ನು ಬಾಗಿಸಿದವಳು ಆಯಿಯೇ, ಹೆತ್ತ ತಾಯಿಯೇ ಎಂದು ತಿಳಿದುಕೊಂಡು, ಆ ತಾಯಿಯ ಕೈಯಿಂದಲೇ ಮೂರು ವರ್ಷ ಉಂಡಿದ್ದಳು.

"ಇಲ್ಲವಾ," ಎಂದೆ.

"ಆಯಿಗೆ ಕೇಳೂ ಹಂಗ ಹೇಳ್ರಿ."

ಎದ್ದು ಬಾಗಿಲಿಗೆ ಹೋದೆ. ಗಂಗೂಬಾಯಿ ಬೆನ್ನು ಮಾಡಿ ನಿಂತಿದ್ದಳು. ಕೊಟ್ಟಿಗೆಗೆ ಮುಟ್ಟುವ ಹಾಗೆ ಗಟ್ಟಿಯಾಗಿ ಹೇಳಿದೆ: "ತಪ್ಪು ನಿಮ್ಮದಲ್ರಿ ಅಕ್ಕಾ. ನಂದು."

ಆಕೆ ತಿರುಗಲಿಲ್ಲ. ಒಳಗಿನಿಂದ ಸಗುಣಾ, "ಇನ್ನೊಮ್ಮೆ," ಎಂದಳು.