ಮಂಗಳವಾರ ಸಲೂನಿನಲ್ಲಿ ಬರೆದ ಪರೀಕ್ಷೆ

2023ರ ಮಾರ್ಚ್‌ನಲ್ಲಿ ನಾನು ದ್ವಿತೀಯ ಪಿಯುಸಿ ಪರೀಕ್ಷೆ ಬರೆದೆ. ಬರೆದೆ ಎನ್ನುವುದಕ್ಕಿಂತ ಹೋಗಿ ಕುಳಿತು ಬಂದೆ ಎನ್ನಬೇಕು. ಫೆಬ್ರವರಿಯಲ್ಲಿ ಅಮ್ಮಿ ತೀರಿಕೊಂಡಿದ್ದರು. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಮೊದಲ ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಅಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತಿತ್ತು. ಅಂತೂ ಎಲ್ಲ ವಿಷಯಗಳಲ್ಲೂ ಕೂದಲೆಳೆಯಲ್ಲಿ ಪಾಸಾದೆ. ಹತ್ತನೆಯ ತರಗತಿಯವರೆಗೆ ಶಾಲೆಗೇ ಮೊದಲಿಗಳಾಗಿದ್ದ ನನಗೆ ಆ ಅಂಕಪಟ್ಟಿಯನ್ನು ಯಾರಿಗಾದರೂ ತೋರಿಸಲು ನಾಚಿಕೆಯಾಗುತ್ತಿತ್ತು.

ನಮ್ಮದು ಯಲ್ಲಾಪುರ. ಅಬ್ಬಾ ಲಾರಿ ಓಡಿಸುತ್ತಾರೆ. ಹುಬ್ಬಳ್ಳಿಯಲ್ಲಿ ಮಾಲು ತುಂಬಿಕೊಂಡು ಘಟ್ಟ ಇಳಿದರೆ ಮನೆಗೆ ಬರಲು ನಾಲ್ಕೈದು ದಿನ ಬೇಕು. ನಾನು ಒಬ್ಬಳೇ ಮಗಳು. ಅಮ್ಮಿ ಹೋದ ಹೊಸದರಲ್ಲಿ ಮನೆ ತುಂಬ ಜನ. ಇನ್ನು ಅಡುಗೆ ಯಾರು ಮಾಡುತ್ತಾರೆ, ಅಬ್ಬಾನ ಬಟ್ಟೆ ಯಾರು ಒಗೆಯುತ್ತಾರೆ ಎಂದು ಎಲ್ಲರೂ ಕೇಳಿದರು. ನೀನು ಹೇಗಿದ್ದೀ ಎಂದು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ಸುಳ್ಳು ಹೇಳಬಾರದು, ಪಕ್ಕದ ಮನೆಯವರು ಸಾರು ಕಳಿಸುತ್ತಿದ್ದರು. ರಾತ್ರಿ ನನ್ನ ಜೊತೆಗೆ ಮಲಗಲು ಅವರ ಮನೆಯ ಅಜ್ಜಿ ಬರುತ್ತಿದ್ದರು. ಪಾಪ, ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಏನಾದರೂ ಹೇಳಿದರೆ ನಕ್ಕು, ತಲೆ ಸವರಿ, ಮಗ್ಗುಲಾಗಿಬಿಡುತ್ತಿದ್ದರು.

ಶಿರಸಿಯಲ್ಲಿ ಅಬ್ಬಾನ ಅಕ್ಕನಿದ್ದಾರೆ, ನಮ್ಮ ಫೂಫಿ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾರೆ. ಇವಳು ಇಲ್ಲಿ ಒಬ್ಬಳೇ ಕೂತು ಏನು ಮಾಡುತ್ತಾಳೆ, ನನ್ನ ಹತ್ತಿರ ಕಳಿಸು, ಅಂಗಡಿ ನೋಡಿಕೊಳ್ಳಲಿ ಎಂದು ಅಬ್ಬಾಗೆ ಹೇಳಿದ್ದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಒಮ್ಮೆ ಆ ಅಂಗಡಿಯ ಗಾದಿಯ ಮೇಲೆ ಕುಳಿತೆನೆಂದರೆ ಅಲ್ಲಿಗೆ ನನ್ನ ಓದು ಮುಗಿಯಿತು ಎಂದು ನನಗೆ ಖಾತ್ರಿಯಿತ್ತು.

ಆಗ ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಡಂ ಒಂದು ದಾರಿ ತೋರಿಸಿದರು. ದೂರದ ಒಂದು ವಿಶ್ವವಿದ್ಯಾಲಯಕ್ಕೆ ಸೇರಲು ಪಿಯುಸಿ ಪಾಸಾಗಿದ್ದರೆ ಸಾಕು, ಅಂಕ ಎಷ್ಟು ಎಂದು ನೋಡುವುದಿಲ್ಲವಂತೆ. ಆಪ್ಟಿಟ್ಯೂಡ್ ಟೆಸ್ಟ್ ಎಂದು ಒಂದು ಪರೀಕ್ಷೆ ಇಡುತ್ತಾರೆ. ಓದಿದ ಪಾಠ ಕೇಳುವುದಿಲ್ಲ, ಯೋಚಿಸಲು ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಅದರಲ್ಲಿ ಮೇಲೆ ಬಂದವರಿಗೆ ಸೀಟು, ಹಾಸ್ಟೆಲು, ಫೀಸಿನಲ್ಲಿ ರಿಯಾಯಿತಿ. ಅಬ್ಬಾ ಕೇಳಿಸಿಕೊಂಡು, ಇದೊಂದು ಬರೆದುಬಿಡು, ಸಿಗದಿದ್ದರೆ ಫೂಫಿಯ ಮನೆಗೆ ಹೋಗು ಎಂದರು. ನಾನು ಹೂಂ ಎಂದೆ.

ಪರೀಕ್ಷೆಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನಾವಿರುವಲ್ಲೇ ಲ್ಯಾಪ್‌ಟಾಪಿನ ಎದುರು ಕುಳಿತು ಬರೆಯುವುದು. ದೂರದಲ್ಲೆಲ್ಲೋ ಕುಳಿತ ಮೇಲ್ವಿಚಾರಕರು ಕ್ಯಾಮೆರಾದಲ್ಲಿ ನಮ್ಮನ್ನು ನೋಡುತ್ತಿರುತ್ತಾರೆ. ನಿಯಮಗಳೋ ಒಂದಕ್ಕಿಂತ ಒಂದು ಜೋರು. ಕೋಣೆಯಲ್ಲಿ ಅಭ್ಯರ್ಥಿಯ ಹೊರತು ಯಾರೂ ಇರಕೂಡದು. ಸದ್ದು ಕೇಳಿಸಕೂಡದು. ಗೋಡೆಯ ಮೇಲೆ ಚಿತ್ರ, ಬರಹ ಇರಕೂಡದು. ಅನುಮತಿ ಇಲ್ಲದೆ ಏಳಕೂಡದು. ಮೂರು ಸಲ ಎಚ್ಚರಿಕೆ ಬಂದರೆ ಪರೀಕ್ಷೆ ಅಲ್ಲಿಗೇ ರದ್ದು. ಒಬ್ಬಳೇ ಇರಬೇಕು ಎಂಬ ನಿಯಮ ಓದಿ ನನಗೆ ನಗು ಬಂತು. ಅದೊಂದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಆದರೆ ಸದ್ದಿನ ಗತಿ ಏನು? ನಮ್ಮ ಮನೆಯ ಗೋಡೆಗೆ ಒತ್ತಿಕೊಂಡೇ ವೆಲ್ಡಿಂಗ್ ಅಂಗಡಿಯಿದೆ. ಬೆಳಗಿನಿಂದ ಸಂಜೆಯವರೆಗೆ ಗೇಟು, ಕಿಟಕಿ ಬಡಿಯುವುದೇ ಕೆಲಸ. ಅಬ್ಬಾ ಲಾರಿಯಿಂದಲೇ ಮಂಜಣ್ಣನಿಗೆ ಫೋನ್ ಮಾಡಿದರು. ಮಂಜಣ್ಣ ಪೇಟೆಯಲ್ಲಿ ಸಲೂನು ಇಟ್ಟುಕೊಂಡವರು. ಅಬ್ಬಾ ಟ್ರಿಪ್ ಮುಗಿಸಿ ಬಂದರೆ ಮನೆಗಿಂತ ಮೊದಲು ಅವರ ಕುರ್ಚಿಯಲ್ಲಿ ಕೂರುವುದು ವಾಡಿಕೆ. ಪರೀಕ್ಷೆ ಇದ್ದದ್ದು ಮಂಗಳವಾರ. ಅಂದು ಸಲೂನಿಗೆ ರಜೆ. ಮಹಡಿಯ ಮೇಲಿನ ಅಂಗಡಿ, ಗಲಾಟೆಯಿಲ್ಲ, ವೈಫೈ ಇದೆ, ಕರೆಂಟು ಹೋದರೆ ಇನ್ವರ್ಟರ್ ಇದೆ. ಹೆಣ್ಣುಮಗಳು ಗಂಡಸರ ಸಲೂನಿಗೆ ಹೋಗಿ ಕೂರುವುದೆಂದರೆ ನನಗೆ ಮುಜುಗರವೇ. ಆದರೆ ಬೇರೆ ದಾರಿ ಇರಲಿಲ್ಲ.

ಮೇಡಂ ಕೊಟ್ಟ ಲ್ಯಾಪ್‌ಟಾಪ್ ಹಿಡಿದು ಹೋದಾಗ ಮಂಜಣ್ಣ ಮದುವೆ ಮನೆಯಂತೆ ಅಂಗಡಿ ಸಜ್ಜು ಮಾಡಿದ್ದರು. ಹೇರ್‌ಸ್ಟೈಲಿನ ಪಟಗಳನ್ನೆಲ್ಲ ಗೋಡೆಯಿಂದ ತೆಗೆದಿದ್ದರು. ಸದ್ದು ಮಾಡುವ ಫ್ಯಾನನ್ನು ಬಿಚ್ಚಿಟ್ಟು, ಬೇರೆ ಕಡೆಯಿಂದ ಮೇಜಿನ ಫ್ಯಾನ್ ತಂದಿಟ್ಟಿದ್ದರು. ನೀನು ಬರುತ್ತೀಯೆಂದು ಬೆಳಿಗ್ಗೆ ಕನ್ನಡಿ ಕೂಡ ತಿಕ್ಕಿದೆ ಎಂದು ಹೆಮ್ಮೆಯಿಂದ ತೋರಿಸಿದರು. ಎದುರಿನ ಗೋಡೆಗೆ ಒಂದು ಉದ್ದ ಕನ್ನಡಿ, ಹಿಂದಿನ ಗೋಡೆಗೆ ಇನ್ನೊಂದು. ಫಳಫಳ ಹೊಳೆಯುತ್ತಿದ್ದವು. ದಿನವೂ ಅವುಗಳ ನಡುವೆಯೇ ಬದುಕುವ ಮಂಜಣ್ಣನಿಗೂ ಏನೂ ಹೊಳೆಯಲಿಲ್ಲ, ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೂ ಹೊಳೆಯಲಿಲ್ಲ.

"ನಾ ಹೊರಗೆ ಮೆಟ್ಲ ಮೇಲೆ ಕೂತ್ಕಂಡಿರ್ತೆ. ಒಂದು ನರಪಿಳ್ಳೆ ಮೇಲೆ ಬರೂದಿಲ್ಲ. ನೀ ಹೆದ್ರೂದು ಬ್ಯಾಡ ಮಗಾ" ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದರು.

ಲ್ಯಾಪ್‌ಟಾಪನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಕ್ಷೌರದ ಕುರ್ಚಿಯಲ್ಲಿ ಕುಳಿತು ಶುರು ಮಾಡಿದೆ. ಮೊದಲು ಲೆಕ್ಕಗಳು, ಆಮೇಲೆ ತರ್ಕದ ಪ್ರಶ್ನೆಗಳು. ಎಷ್ಟೋ ತಿಂಗಳಾದ ಮೇಲೆ ತಲೆ ಓಡತೊಡಗಿತು. ನನಗೇ ಆಶ್ಚರ್ಯ. ಅದಾದ ಮೇಲೆ ಚಿತ್ರದ ಪ್ರಶ್ನೆಗಳು ಬಂದವು. ಒಂದು ಆಕೃತಿ ಕೊಟ್ಟು, ಇದನ್ನು ತಿರುಗಿಸಿದರೆ ಕೆಳಗಿನ ಯಾವುದರಂತೆ ಕಾಣುತ್ತದೆ ಎಂದು ಕೇಳುತ್ತಾರೆ. ನಾನು ಅದನ್ನು ಅಂದಾಜು ಮಾಡಲು ತಲೆಯನ್ನು ಪಕ್ಕಕ್ಕೆ ವಾಲಿಸಿದೆ. ತಟ್ಟನೆ ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ನಿಮ್ಮ ಕೋಣೆಯಲ್ಲಿ ಬೇರೆಯವರು ಇದ್ದಾರೆ, ಇದು ಮೊದಲ ಎಚ್ಚರಿಕೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಯಾರೋ ಒಳಗೆ ಬಂದಿದ್ದಾರೆ ಎಂದುಕೊಂಡು ತಿರುಗಿ ನೋಡಿದೆ. ಯಾರೂ ಇಲ್ಲ. ಮತ್ತೆ ಪ್ರಶ್ನೆಗೆ ಬಂದು ಕತ್ತು ವಾಲಿಸಿದೆನೋ ಇಲ್ಲವೋ, ಎರಡನೆಯ ಎಚ್ಚರಿಕೆ. ಇನ್ನೊಂದು ಬಂದರೆ ಮುಗಿಯಿತು. ಮಂಜಣ್ಣನನ್ನು ಕರೆಯುವಂತಿಲ್ಲ, ಸದ್ದಾಗುತ್ತದೆ. ಎದ್ದು ನೋಡುವಂತಿಲ್ಲ. ಶಿರಸಿಯ ಅಂಗಡಿಯ ಗಾದಿ ಎದುರಿಗೆ ಬಂದು ನಿಂತಿತು.

ಪರದೆಯ ಮೂಲೆಯಲ್ಲಿ ಮೇಲ್ವಿಚಾರಕರಿಗೆ ಏನಾದರೂ ಹೇಳುವುದಿದ್ದರೆ ಬರೆಯಲು ಒಂದು ಚೌಕವಿತ್ತು. ನನಗೆ ಬರುವ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. "ನಾನು ಒಬ್ಬಳೇ ಇದ್ದೇನೆ."

ಉತ್ತರ ಬರಲಿಲ್ಲ. ಮತ್ತೆ ಬರೆದೆ. "ನನ್ನ ಜೊತೆ ಯಾರೂ ಇಲ್ಲ. ದಯವಿಟ್ಟು ನಂಬಿ. ನಾನು ಒಬ್ಬಳೇ."

ಬರೆಯುತ್ತಿದ್ದಂತೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ಪರೀಕ್ಷೆಯ ಭಯಕ್ಕಲ್ಲ. ಅಮ್ಮಿ ಹೋದ ಮೇಲೆ ಈ ಮಾತನ್ನು ನಾನು ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಅಬ್ಬಾ ಫೋನ್ ಮಾಡಿದಾಗಲೆಲ್ಲ ಆರಾಮಿದ್ದೇನೆ ಎನ್ನುತ್ತಿದ್ದೆ. ಈಗ ಹೆಸರೂ ಗೊತ್ತಿಲ್ಲದ ಯಾರಿಗೋ ಮೇಲಿಂದ ಮೇಲೆ ಅದನ್ನೇ ಬರೆಯುತ್ತಿದ್ದೆ, ಅವರೋ ನಂಬಲು ತಯಾರಿರಲಿಲ್ಲ.

ಕೊನೆಗೆ ಉತ್ತರ ಬಂತು. ನಿಮ್ಮ ಹಿಂದೆ ಮುಖಗಳು ಕಾಣುತ್ತಿವೆ, ನಿಧಾನವಾಗಿ ಕೋಣೆಯನ್ನು ತೋರಿಸಿ ಎಂದಿದ್ದರು. ಲ್ಯಾಪ್‌ಟಾಪನ್ನು ಎತ್ತಿ ತಿರುಗಿಸುವಾಗ ನನಗೂ ಕಂಡಿತು. ಹಿಂದಿನ ಕನ್ನಡಿಯಲ್ಲಿ ಎದುರಿನ ಕನ್ನಡಿ, ಅದರೊಳಗೆ ಮತ್ತೊಂದು, ಒಂದೊಂದರಲ್ಲೂ ದುಪಟ್ಟಾ ಹೊದ್ದು ಅಳುಮೋರೆ ಹಾಕಿಕೊಂಡ ನಾನು. ನೆಟ್ಟಗೆ ಕುಳಿತಾಗ ನನ್ನ ತಲೆಯೇ ಅವನ್ನು ಮರೆ ಮಾಡುತ್ತಿತ್ತು. ವಾಲಿದಾಗಲೆಲ್ಲ ಅವರೆಲ್ಲ ಇಣುಕುತ್ತಿದ್ದರು.

ಸ್ವಲ್ಪ ಹೊತ್ತು ಬಿಟ್ಟು ಚೌಕದಲ್ಲಿ ಅಕ್ಷರಗಳು ಮೂಡಿದವು. "ಸರಿ. ಅದು ನೀವೇ. ಹಿಂದಿನ ಕನ್ನಡಿಯನ್ನು ಮುಚ್ಚಿ. ಅವಸರ ಮಾಡಬೇಡಿ, ನಾನು ಇಲ್ಲೇ ಇದ್ದೇನೆ."

ಗಿರಾಕಿಗಳ ಮೈಗೆ ಹೊದಿಸುವ ಬಿಳಿ ಬಟ್ಟೆಗಳು ಮೊಳೆಗೆ ನೇತಾಡುತ್ತಿದ್ದವು. ಗಿರಾಕಿಗಳು ಕಾಯುವ ಬೆಂಚು ಹತ್ತಿ ಅವನ್ನು ಕನ್ನಡಿಯ ಮೇಲಿನ ಅಂಚಿಗೆ ಸಿಕ್ಕಿಸಿದೆ. ಒಂದು ಜಾರಿ ಜಾರಿ ಬೀಳುತ್ತಿತ್ತು. ಮಂಜಣ್ಣನ ಡಬ್ಬಿಯಲ್ಲಿದ್ದ ಕೂದಲಿನ ಕ್ಲಿಪ್ಪು ಹಾಕಿದ ಮೇಲೆ ನಿಂತಿತು. ಅಷ್ಟೂ ಹೊತ್ತು ಸಮಯ ಓಡುತ್ತಲೇ ಇತ್ತು, ಅದನ್ನು ನಿಲ್ಲಿಸುವುದು ಅವರ ಕೈಯಲ್ಲೂ ಇರಲಿಲ್ಲವಂತೆ. ಬಂದು ಕುಳಿತು ಮತ್ತೆ ಚಿತ್ರಗಳಿಗೆ ಕತ್ತು ವಾಲಿಸಿದೆ. ಕೆಂಪು ಪಟ್ಟಿ ಬರಲಿಲ್ಲ. ಕೊನೆಯ ಕೆಲವು ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ. ಆದರೆ ಬರೆದದ್ದನ್ನೆಲ್ಲ ಮನಸ್ಸಿಟ್ಟು ಬರೆದೆ. ಯಾರೋ ಇಲ್ಲೇ ಇದ್ದೇನೆ ಎಂದಿದ್ದಾರೆ ಎನ್ನುವುದು ಬೆನ್ನ ಹಿಂದೆ ಇತ್ತು.

ಪರೀಕ್ಷೆ ಮುಗಿಯಿತು, ನೀವು ಏಳಬಹುದು ಎಂದು ಚೌಕದಲ್ಲಿ ಬಂತು. ನಾನು ಏಳಲಿಲ್ಲ. ಕ್ಯಾಮೆರಾದ ಪಕ್ಕದ ಹಸಿರು ದೀಪವನ್ನು ನೋಡುತ್ತ ಕುಳಿತುಬಿಟ್ಟೆ. ಎದ್ದರೆ ಆ ದೀಪ ಆರುತ್ತದೆ, ಮನೆಗೆ ಹೋಗಬೇಕು, ಅಲ್ಲಿ ಯಾರೂ ಇಲ್ಲ. ಅವರು ಮತ್ತೆ ಬರೆದರು. "ಏನಾದರೂ ತೊಂದರೆ ಇದೆಯೇ?"

"ಇಲ್ಲ" ಎಂದು ಟೈಪ್ ಮಾಡಿದೆ. ಚೌಕ ಮುಚ್ಚಿಕೊಂಡಿತು.

ಬಾಗಿಲು ತೆರೆದಾಗ ಮಂಜಣ್ಣ ನನ್ನ ಕಣ್ಣು ನೋಡಿ ಪರೀಕ್ಷೆ ಕೆಟ್ಟಿತೆಂದುಕೊಂಡರು. "ಹೋಗ್ಲಿ ಬಿಡು. ಇದಲ್ದಿದ್ರೆ ಇನ್ನೊಂದು ಬರದ್ರಾತು. ಅದ್ಕೆ ಅಳೂದು ಎಂತಕೆ?" ಎಂದು ಕೆಳಗಿನ ಹೋಟೆಲಿನಿಂದ ಚಹಾ ತರಿಸಿದರು. ಮುಚ್ಚಿದ ಕನ್ನಡಿಯ ಕಥೆ ಕೇಳಿ ಹಣೆ ಬಡಿದುಕೊಂಡು ನಕ್ಕರು. ನಾನೂ ನಕ್ಕೆ.

ಸೀಟು ಸಿಕ್ಕಿತು. ಅಬ್ಬಾ ಲಾರಿ ನಿಲ್ಲಿಸಿ ಫೋನಿನಲ್ಲೇ ಅತ್ತರು. ಫೂಫಿ ಅಂಗಡಿಯಿಂದ ಎರಡು ಚೂಡಿದಾರದ ಬಟ್ಟೆ ಕಳಿಸಿದರು. ಈಗ ನಾನು ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹಾಸ್ಟೆಲಿನಲ್ಲಿ ಗೆಳತಿಯರು ಆ ಪರೀಕ್ಷೆಯ ಮಾತು ಬಂದರೆ, ಪೊಲೀಸರ ಹಾಗೆ ನೋಡುತ್ತ ಕೂರುತ್ತಾರಲ್ಲ, ಉಸಿರು ಕಟ್ಟುತ್ತದೆ ಎಂದು ಬೈಯುತ್ತಾರೆ. ಆ ಮೇಲ್ವಿಚಾರಕರು ಒಂದೇ ಸಲ ಹತ್ತಾರು ಮಂದಿಯನ್ನು ನೋಡುತ್ತಿರುತ್ತಾರೆ, ಯಾರ ಮುಖವೂ ಅವರಿಗೆ ನೆನಪಿರುವುದಿಲ್ಲ ಎಂದು ಒಬ್ಬಳು ಹೇಳಿದಳು. ಇರಬಹುದು. ಅದು ಅವರ ಕೆಲಸ, ಸಂಬಳಕ್ಕೆ ಮಾಡುವುದು, ನನಗೂ ಗೊತ್ತು. ಅವರು ಗಂಡಸೋ ಹೆಂಗಸೋ ಅದೂ ನನಗೆ ತಿಳಿಯದು. ಆದರೆ ಅಮ್ಮಿ ಹೋದ ಮೇಲೆ ಅಷ್ಟು ಹೊತ್ತು ಯಾರಾದರೂ ನನ್ನ ಮೇಲೆ ಕಣ್ಣಿಟ್ಟು ಕುಳಿತದ್ದು ಅದೇ ಮೊದಲು. ಅಂದು ಎಷ್ಟೋ ಪ್ರಶ್ನೆಗಳಿಗೆ ತಿಳಿಯದೆ ತಪ್ಪು ಉತ್ತರ ಕೊಟ್ಟಿರಬಹುದು. ತಿಳಿದೂ ತಿಳಿದೂ ತಪ್ಪು ಉತ್ತರ ಕೊಟ್ಟದ್ದು ಅವರು ಕೇಳಿದ ಆ ಕೊನೆಯ ಪ್ರಶ್ನೆಗೆ ಮಾತ್ರ.