ರಾಧಾಬಾಯಿಯವರ ಮೊಣಕಾಲ ನೋವು

ನಮ್ಮ ಅತ್ತಿ ರಾಧಾಬಾಯಿಯವರ ಮೊಣಕಾಲು ಭಾಳ ಶಾಣ್ಯಾ ಅವ. ಖರಾಡಿಯ ನಮ್ಮ ಸೊಸೈಟಿ ಗೇಟಿನ ಮುಂದ, ತರಕಾರಿ ಗಾಡಿಯವನ ಜೋಡಿ ಒಂದು ತಾಸು ಚೌಕಾಸಿ ಮಾಡೂವಾಗ ಅವಕ್ಕ ಏನೂ ಆಗೂದಿಲ್ಲ. ಜೇಜುರಿ ಗುಡ್ಡದ ನೂರಾರು ಮೆಟ್ಟಲಾ ಹತ್ತಿ ಖಂಡೋಬಾನ ಗುಡಿಗೆ ಹೋಗೂಣು ಅಂದ್ರ ಸಾಕು, ನೋವು ಸುರು! ಖಂಡೋಬಾ ನಮ್ಮ ಮನಿದೇವರು. ಕೂಸು ಹುಟ್ಟಿದ ಮ್ಯಾಲೆ ಅಜ್ಜಿನೇ ಅದನ್ನ ದೇವರ ಮುಂದ ಮಲಗಿಸಬೇಕಂತ ಇವರ ಮನ್ಯಾಗ ಪದ್ಧತಿ. ನನಗ ಮಗ ಹುಟ್ಟಿದಾಗ, "ನೀವ ಹೋಗಿ ಬರ್ರಿ, ನಾ ಇಲ್ಲಿಂದನ ಕೈ ಮುಗೀತೀನಿ" ಅಂದು ಆ ಕಡೆ ಮಾರಿ ತಿರುಗಿಸಿದ್ರು. ಕಣ್ಣು ತುಂಬಿದ್ದು ನಾ ನೋಡಿದೆ.

ಬಾಣಂತನದ ವಿಷಯಕ್ಕ ಬಂದ್ರ ಮಾತ್ರ ಇವರ ಮುಂದ ಯಾವ ಡಾಕ್ಟರೂ ನಿಲ್ಲೂದಿಲ್ಲ. ಬಸುರಿದ್ದಾಗ ದಿನಾ ಅರ್ಧ ತಾಸು ಅಡ್ಡಾಡಂತ ಡಾಕ್ಟರು ಹೇಳಿದ್ರು. ಅತ್ತಿ "ನಿಧಾನ, ನಿಧಾನ" ಅನ್ನಕೋತ ನನ್ನ ಹಿಂದ ಅಷ್ಟೂ ಸುತ್ತು ಹಾಕಿದ್ರು. ಹೆರಿಗಿ ಆದ ಮ್ಯಾಲೆ ಕಾಯ್ದೆ ಬದಲಾತು. ಕಿವಿಗೆ ಸ್ಕಾರ್ಫ, ಹೊಟ್ಟಿಗೆ ಹಳೆ ಸೀರಿ ಬಿಗಿ, ನಲವತ್ತು ದಿನ ಹೊರಸು ಬಿಟ್ಟು ಇಳೀಬಾರದು.

ಆದ್ರ ಆಸ್ಪತ್ರಿಯೊಳಗ ಫಿಜಿಯೋಥೆರಪಿಸ್ಟ್ ಲೀಲಾಕ್ಷಿ ನನಗ ಒಂದು ವ್ಯಾಯಾಮ ಕಲಿಸಿದ್ರು. ಉಚ್ಚಿ ತಡಕೊಂಡಂಗ ಒಳಗಿನ ಸ್ನಾಯು ಬಿಗಿ ಹಿಡಿದು, ಐದು ಎಣಿಸಿ, ಸಡಲ ಬಿಡಬೇಕು. ಉಸಿರು ಮಾತ್ರ ಹಿಡೀಬಾರದು. "ಮನ್ಯಾಗ ಸಾವಕಾಶ ಅಡ್ಡಾಡ್ರಿ. ಓಡೂದು, ಭಾರ ಎತ್ತೂದು ಮೂರು ತಿಂಗಳ ಬ್ಯಾಡ, ಆಮ್ಯಾಲೆ ಕೇಳಿ ಸುರು ಮಾಡ್ರಿ" ಅಂದ್ರು. ಹೊರಸಿನ ಮ್ಯಾಲೆ ಮಲಗೇ ಮಾಡೂ ವ್ಯಾಯಾಮ! ಅತ್ತಿಗೆ ಗೊತ್ತೇ ಆಗೂದಿಲ್ಲಂತ ನಾ ಖುಷಿಯೊಳಗಿದ್ದೆ.

ನನ್ನ ಮಾರಿ ಸುಮ್ಮನಿರಬೇಕಲ್ಲ! ಬಿಗಿ ಹಿಡಿದಾಗೆಲ್ಲಾ ಹುಬ್ಬು ಮ್ಯಾಲೆ ಹೋಗತಿತ್ತು. "ಅಯ್ಯ, ಹುಡುಗಿಗೆ ವಾಯು ಆಗೇದ" ಅಂತ ಅತ್ತಿ ಅಜಿವಾನದ ನೀರು ಕುಡಿಸಿದ್ರು. ದಿನಕ್ಕ ಮೂರು ಸರ್ತಿ ವ್ಯಾಯಾಮ, ಮೂರು ಸರ್ತಿ ಅಜಿವಾನ. ನಾಲ್ಕನೇ ದಿನ ನನಗ ಸಿಟ್ಟು ಬಂತು.

"ಅತ್ತೀ, ವಾಯು ಅಲ್ಲರಿ, ವ್ಯಾಯಾಮ! ಹಡದ ಮ್ಯಾಲೆ ಒಳಗಿನ ಸ್ನಾಯು ಸಡಲ ಆಗಿರತಾವ. ಹಂಗ ಬಿಟ್ರ ಮುಂದ ಕೆಮ್ಮಿದ್ರ, ನಕ್ಕರ ಸೀರಿ ಒದ್ದಿ ಆಗಬಹುದಂತ."

ಅತ್ತಿ ಬಟ್ಟಲು ಕೆಳಗಿಟ್ರು. ಎದ್ದು ಹೋಗಿ ಬಾಗಲಾ ಹಾಕಿ ಬಂದು, ನನ್ನ ಬಾಜೂಕ ಕೂತು, ಸಣ್ಣ ದನಿಯೊಳಗ ಕೇಳಿದ್ರು: "ಮೆಟ್ಟಲಾ ಹತ್ತಿದ್ರೂ ಆಗತದೇನು?"

ಅಯ್ಯೋ ನಮ್ಮವ್ವ, ಮೊಣಕಾಲು ಬರೇ ನೆವ! ನನ್ನ ಗಂಡ ರೋಹಿತ ಹುಟ್ಟಿದಾಗಿಂದ, ಮೂವತ್ತನಾಲ್ಕು ವರ್ಷ, ಇವರು ಬಸ್ಸಿಗೆ ಅಂಜಿ, ಮದುವಿ ಮನಿಗೆ ಅಂಜಿ, ಬಚ್ಚಲಾ ಹತ್ರ ಇದ್ದಲ್ಲೇ ದಿನಾ ಕಳದಿದ್ರು. ಇಷ್ಟು ದಿನ ಅವರ ಮೊಣಕಾಲಿನ ಚ್ಯಾಷ್ಟಿ ಮಾಡಿದ್ದಕ್ಕ ನನಗ ಭಾಳ ಕೆಟ್ಟ ಅನಿಸಿತು.

ಹದಿನೆಂಟನೇ ದಿನಕ್ಕ ತಮ್ಮ ಕಾಯ್ದೆ ತಾವ ಮುರಿದು, ನನ್ನ ಜೋಡಿ ರಿಕ್ಷಾ ಹತ್ತಿದ್ರು. ಲೀಲಾಕ್ಷಿ ತಪಾಸಣಿ ಮಾಡಿ, "ಈ ವಯಸ್ಸಿನ್ಯಾಗೂ ಸುಧಾರಸತದ್ರಿ, ದಿನಾ ಬಿಡಲಾರದ ಮಾಡ್ರಿ" ಅಂದ್ರು. ಅವತ್ತಿಂದ ಅತ್ತಿ-ಸೊಸಿ ಒಂದ ಹೊರಸಿನ ಮ್ಯಾಲೆ ಹುಬ್ಬು ಏರಿಸಿಕೊಂಡು ಕೂತಿವಿ. ರೋಹಿತ ನೋಡಿ, "ಇಬ್ಬರೂ ಯಾರ ಮ್ಯಾಲೆ ಸಿಟ್ಟಾಗೀರಿ?" ಅಂತ ಅಂಜಿಕೋತ ಕೇಳಿದ.

ಐದು ತಿಂಗಳಾದ ಮ್ಯಾಲೆ ಜೇಜುರಿಗೆ ಹೋದ್ವಿ. ಕೂಸು ರೋಹಿತನ ಕೈಯಾಗ, ಅತ್ತಿ ನನ್ನ ಕೈ ಹಿಡಿದು ಮುಂದ. ಮೆಟ್ಟಲಾ ಅರ್ಧ ಹತ್ತಿದಾಗ ಯಾರೋ ಭಂಡಾರ ತೂರಿದ್ರು. ಅರಿಷಿಣದ ಪುಡಿ ಮೂಗಿಗೆ ಹೋಗಿ ಅತ್ತಿಗೆ ಕೆಮ್ಮು ಸುರು ಆತು. ನಾ ಅವರ ಕೈ ಇನ್ನಷ್ಟು ಗಟ್ಟಿ ಹಿಡಿದೆ. ಕೆಮ್ಮಿ, ಕೆಮ್ಮಿ, ಸಾವರಿಸಿಕೊಂಡು, "ಏನೂ ಆಗಲಿಲ್ಲ" ಅಂದ್ರು. ಮ್ಯಾಲೆ ಹೋಗಿ ಮೊಮ್ಮಗನ್ನ ತಾವ ದೇವರ ಮುಂದ ಮಲಗಿಸಿದ್ರು.

ಹೊರಗ ಬಂದು ಕಟ್ಟಿ ಮ್ಯಾಲೆ ಕೂತಾಗ ಅವರಿಗೆ ಅಳು ತಡೀಲಿಲ್ಲ.

"ರೋಹಿತನ ಜಾವಳ ಇಲ್ಲೇ ತಗಸಿದ್ರು, ಮುಕ್ತಾ" ಅಂದ್ರು. "ನಾ ಕೆಳಗ ಎಲ್ಲಾರ ಚಪ್ಪಲಿ ಕಾಯಕೋತ ಕೂತಿದ್ದೆ."